ರುಕ್ಕುವಿನ ತುತ್ತು

ರೊಟ್ಟಿಯ ಚೂರು ಮಗಳ ಕೈಯಿಂದ ಜಾರಿ ತಟ್ಟೆಗೆ ಬಿತ್ತು. ಅದನ್ನು ಎತ್ತಿ ಅವಳ ಬಾಯಿಗಿಡಲು ನಾನು ಮುಂದಾದೆ. ಪಕ್ಕದಲ್ಲಿ ಕುಳಿತಿದ್ದ ನರ್ಸಮ್ಮ ನನ್ನ ಮುಂಗೈ ಹಿಡಿದುಬಿಟ್ಟರು.

“ನೀವು ಸುಮ್ಮ ಕುಂದ್ರಿ. ಅಕಿ ತುತ್ತು ಅಕೀನೇ ಎತ್ಲಿ.”

ಇದು ನಡೆದದ್ದು ಹೊಸಪೇಟೆಯ ದವಾಖಾನೆಯ ಪಡಸಾಲೆಯಲ್ಲಿ. ನನ್ನ ಮಗಳು ರುಕ್ಕುವಿಗೆ ಆರು ವರ್ಷ. ಒಮ್ಮೆ ಜ್ವರ ಬಂದು ಹೋದ ಮೇಲೆ ಅವಳ ಬಲಗೈಯಲ್ಲಿ ಬಲವೇ ಉಳಿದಿರಲಿಲ್ಲ. ಎಡಗೈಯಲ್ಲಿ ಉಣ್ಣುವುದಕ್ಕೆ ನನ್ನ ತಾಯಿ ಒಪ್ಪುತ್ತಿರಲಿಲ್ಲ. ರುಕ್ಕುವಿನ ತಾಯಿ ತೀರಿಕೊಂಡಿದ್ದಳು. ಹೀಗಾಗಿ ಎರಡು ವರ್ಷದಿಂದ ಉಣಿಸುವುದು, ಲಂಗದ ಲಾಡಿ ಕಟ್ಟುವುದು ಎಲ್ಲ ನನ್ನ ಕೆಲಸವಾಗಿತ್ತು.

ರುಕ್ಕು ಅತ್ತಳು. ನರ್ಸಮ್ಮ ಸಮಾಧಾನ ಮಾಡಲಿಲ್ಲ, ಸುಮ್ಮನೆ ಕಾದರು. ನಾಲ್ಕನೆಯ ಸಲಕ್ಕೆ ಚೂರು ಬಾಯಿ ಮುಟ್ಟಿತು. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ.

ಮನೆಯಲ್ಲಿ ದಿನವೂ ಆ ಕೈಯಿಂದಲೇ ಜೋಳದ ಹಿಟ್ಟು ನಾದಿಸಿ, ಶೇಂಗಾ ಸುಲಿಸಿ ಎಂದು ಹೇಳಿ ನರ್ಸಮ್ಮ ನಮ್ಮನ್ನು ಕಳಿಸಿದರು. ನನ್ನ ತಾಯಿ ಸಿಟ್ಟಾದರು. “ಇಷ್ಟು ಸಣ್ಣ ಕೂಸಿನ ಕೈಲೆ ಕೆಲಸ ಮಾಡಿಸ್ತೀಯೇನೋ?” ಎಂದರು. ರುಕ್ಕು ಮಾತ್ರ ಹಿಟ್ಟು ಬಿಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಲಾಡಿಯ ಗಂಟನ್ನೂ ತಾನೇ ಹಾಕಿಕೊಂಡಳು.

ಈಗ ಅವಳು ತಾನೇ ಉಣ್ಣುತ್ತಾಳೆ. ಅರ್ಧ ಗಂಟೆ ಹಿಡಿಯುತ್ತದೆ, ಅನ್ನ ಎಲೆಯಾಚೆಗೂ ಚೆಲ್ಲುತ್ತದೆ. ಅವಳೆದುರು ಕೈಕಟ್ಟಿ ಕೂರುವುದನ್ನು ನಾನಿನ್ನೂ ಕಲಿಯುತ್ತಿದ್ದೇನೆ.