ಕಿಟಕಿಯಕ್ಕ ಬಾಗಿಲು ತಟ್ಟಿದ ದಿನ

ಬೀದಿದೀಪ ಇನ್ನೂ ಆರಿಲ್ಲ. ಬೀದಿಯ ಕೊನೆಯಲ್ಲಿರುವ ಸಣ್ಣ ಮನೆಯ ಮುಂದೆ ಹೆಂಗಸೊಬ್ಬರು ನಿಂತು, ಬೀಗದ ಕೈಗಳ ಗೊಂಚಲನ್ನು ಅರೆಗತ್ತಲಲ್ಲೇ ತಡವುತ್ತಾರೆ. ಒಂದೊಂದು ಕೈಗೂ ಒಂದೊಂದು ಬಟ್ಟೆಯ ಚೂರು ಕಟ್ಟಿದೆ. ಮೂಲೆಯ ದೊಡ್ಡ ಮನೆಗೆ ಮಖಮಲ್ಲು, ಮಹಡಿ ಮನೆಗೆ ಗೋಣಿಯ ತುಂಡು, ಹಸಿರು ಗೇಟಿನ ಮನೆಗೆ ಹಳೆಯ ಕಾಲುಚೀಲದ ಅಂಚು. ಬೆರಳಿಗೆ ಬಟ್ಟೆ ತಾಗಿದರೆ ಸಾಕು, ಯಾವ ಮನೆಯೆಂದು ತಿಳಿಯುತ್ತದೆ. ಈ ಸಣ್ಣ ಮನೆಯ ಬೀಗದ ಕೈಗೆ ಮಾತ್ರ ಹಳದಿ ಹೂವಿನ ಫ್ರಾಕಿನ ಚೂರು. ಅವರ ಮಗಳು ಚಿಕ್ಕವಳಿದ್ದಾಗ ಹಾಕುತ್ತಿದ್ದ ಫ್ರಾಕು ಅದು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದವರು ಮುಂದಿನ ಕಿಟಕಿಯನ್ನು ಮುಟ್ಟುವುದಿಲ್ಲ. ನೇರ ಹಿಂದಕ್ಕೆ ನಡೆಯುತ್ತಾರೆ. "ಮೊದಲು ಹಿಂದಿನ ಕಿಟಕಿ ತೆಗೀಬೇಕು. ಹಳೇ ಗಾಳಿ ಹೊರಗೆ ಹೋಗಲಿ, ಆಮೇಲೆ ಹೊಸ ಗಾಳಿ ಬರಲಿ. ಬಸ್ಸಲ್ಲಿ ಇಳಿಯೋರು ಇಳಿದ ಮೇಲೆ ತಾನೇ ಹತ್ತೋರು ಹತ್ತೋದು?" ಎನ್ನುತ್ತಾರೆ. ಅಡುಗೆಮನೆಯ ಕಿಟಕಿ ಹಟಮಾರಿ. ಅದಕ್ಕೆ ಭುಜ ಕೊಟ್ಟು, ಒಂಚೂರು ಮೇಲಕ್ಕೆತ್ತಿ, ಮೆಲ್ಲಗೆ ದೂಡುತ್ತಾರೆ. ಕಿರ್ರೆಂದು ತೆರೆದುಕೊಳ್ಳುತ್ತದೆ. "ಎದ್ದಳು ನೋಡಿ," ಎಂದು ನಗುತ್ತಾರೆ.

ಮಾರಾಟಕ್ಕಿರುವ ಖಾಲಿ ಮನೆಗಳನ್ನು, ಕೊಳ್ಳುವವರು ನೋಡಲು ಬರುವ ಮುಂಚೆ, ಎಬ್ಬಿಸಿ ಕೂರಿಸುವುದು ಇವರ ಕೆಲಸ. ಬಡಾವಣೆಯವರಿಗೆಲ್ಲ ಇವರು ಕಿಟಕಿಯಕ್ಕ. ತಿಂಗಳುಗಟ್ಟಲೆ ಬೀಗ ಬಿದ್ದ ಮನೆಗೆ ಒಂದು ವಾಸನೆ ಹತ್ತಿಕೊಳ್ಳುತ್ತದೆ, ಒದ್ದೆ ಬಟ್ಟೆ ಮಡಚಿಟ್ಟ ಹಾಗೆ. ಬಚ್ಚಲ ಕೊಳವೆ ಒಣಗಿದರೆ ಚರಂಡಿಯ ಗಾಳಿ ಒಳಗೆ ನುಗ್ಗುತ್ತದೆ. ಅದಕ್ಕೇ ಪ್ರತಿ ಬಚ್ಚಲಿಗೂ ಒಂದೊಂದು ಕೊಡ ನೀರು ಸುರಿಯುತ್ತಾರೆ. ನಲ್ಲಿಯಲ್ಲಿ ತುಕ್ಕಿನ ನೀರು ಹೋಗಿ ತಿಳಿನೀರು ಬರುವವರೆಗೂ ಕಾಯುತ್ತಾರೆ. ಫ್ಯಾನು ತಿರುಗಿಸಿ, ದೀಪ ಹಾಕಿ ಆರಿಸಿ, ಕೋಣೆ ಕೋಣೆಗೂ ಹೋಗಿ ಗಟ್ಟಿಯಾಗಿ ಮಾತಾಡಿಸುತ್ತಾರೆ: "ಏನಮ್ಮ, ನಿದ್ದೆ ಆಯ್ತಾ?"

ಒಮ್ಮೆ ಹೀಗೆ ಕೇಳಿದಾಗ, ಖಾಲಿ ಇರಬೇಕಾದ ಕೋಣೆಯಿಂದ "ಇನ್ನೂ ಇಲ್ಲ" ಎಂದು ಗಂಡಸಿನ ದನಿಯೊಂದು ಬಂತಂತೆ. "ನನ್ನ ಜೀವ ಬಾಯಿಗೆ ಬಂತು. ನೋಡಿದ್ರೆ ಮನೆ ಮಾರೋಕೆ ಹೊರಟ ಯಜಮಾನರೇ! ಹೆಂಡತಿ ಜೊತೆ ಜಗಳ ಆಡ್ಕೊಂಡು ಬಂದು ನೆಲದ ಮೇಲೆ ಮಲಗಿದಾರೆ. 'ಸಾರ್, ಕೊಳ್ಳೋರು ಬರ್ತಾರೆ, ಏಳಿ' ಅಂದೆ. 'ನನ್ನನ್ನೂ ಮನೆ ಜೊತೆ ಕೊಟ್ಬಿಡಿ' ಅಂದ್ರು." ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ತಡೆಯಲಾಗುವುದಿಲ್ಲ.

ಈ ಕೆಲಸವನ್ನು ಯಾರೂ ಹೇಳಿಕೊಡಲಿಲ್ಲ. ಗಂಡ ಮನೆಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾರೆ. ಅವರ ಜೊತೆ ಖಾಲಿಯಾದ ಮನೆಯೊಂದನ್ನು ಗುಡಿಸಲು ಹೋಗಿದ್ದ ದಿನ, ಬ್ರೋಕರ್ ಹೇಳದೆ ಕೇಳದೆ ಗಿರಾಕಿಗಳನ್ನು ಕರೆತಂದರು. ಅಷ್ಟರಲ್ಲಿ ಇವರು ಸೆಕೆಗೆ ಎಲ್ಲ ಕಿಟಕಿ ತೆರೆದಿಟ್ಟಿದ್ದರು. ಹಿಂದಿನ ಸಲ ಮೂಗು ಮುಚ್ಚಿಕೊಂಡು ಹೋಗಿದ್ದ ಅದೇ ಗಿರಾಕಿಗಳು ಅಂದು ಅಡುಗೆಮನೆಯಲ್ಲಿ ನಿಂತು ಹರಟೆ ಹೊಡೆದರು, ಸಂಜೆಯೊಳಗೆ ಮನೆ ಒಪ್ಪಿಕೊಂಡರು. ಮರುದಿನವೇ ಬ್ರೋಕರ್ ಬೀಗದ ಕೈ ಹಿಡಿದು ಇವರ ಬಾಗಿಲಿಗೆ ಬಂದರು.

ಅಲ್ಲಿಂದ ಎಷ್ಟು ಮನೆಗಳು ಕೈ ಬದಲಾಯಿಸಿವೆಯೋ ಲೆಕ್ಕವಿಟ್ಟಿಲ್ಲ. ಮಾರಿದವರೂ ಕೊಂಡವರೂ ಬ್ರೋಕರ್ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಕಿಟಕಿಯಕ್ಕ ಹಿತ್ತಲಲ್ಲಿ ಬಕೆಟ್ಟು ತೊಳೆಯುತ್ತಿರುತ್ತಾರೆ. ಧೂಳಿಗೆ ವರ್ಷವಿಡೀ ಸೀನು. ಭುಜದಲ್ಲಿ ಬಿಡದ ನೋವು. ಮಗಳು ಹುಟ್ಟಿದ ಮೇಲೆ ಇವರು ಬಾಡಿಗೆಯಿಂದ ಬಾಡಿಗೆಗೆ ಹಾರುತ್ತಲೇ ಇದ್ದಾರೆ. ಊರಿನ ಕಿಟಕಿಗಳನ್ನೆಲ್ಲ ತೆರೆಯುವವರ ಮನೆಗೆ ಇರುವುದು ಒಂದೇ ಕಿಟಕಿ. ತೆರೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಮಗಳು ಹಗಲಲ್ಲೂ ದೀಪ ಹಾಕಿಕೊಂಡೇ ಬರೆಯಬೇಕು. "ಗೋಡೆಗೂ ನಮಗೂ ಒಳ್ಳೇ ಪರಿಚಯ. ಅದರಲ್ಲಿರೋ ಬಿರುಕಿಗೆ ಮಗಳು ಹೆಸರಿಟ್ಟಿದಾಳೆ," ಎನ್ನುತ್ತಾರೆ.

ಇಂದು ಬೆಳಗಾಗುವ ಮುಂಚೆ ಈ ಮನೆಗೆ ಬಂದಿರುವುದಕ್ಕೆ ಒಂದು ಕಾರಣವಿದೆ. ಈ ಸಣ್ಣ ಮನೆಯನ್ನು ಕೊಳ್ಳಬೇಕೆಂದು ಅವರೇ ಆಸೆಪಟ್ಟಿದ್ದಾರೆ. ಕೋಣೆಗೆ ಹೋಗುವ ನಡುವಿನ ದಾರಿ ಇಕ್ಕಟ್ಟೆಂದು ಬಂದವರೆಲ್ಲ ತಿರುಗಿ ಹೋಗುತ್ತಿದ್ದ ಮನೆ ಇದು. ಗಂಡ ಹೆಂಡತಿ ಕೂಡಿಟ್ಟದ್ದರ ಜೊತೆಗೆ ಸೊಸೈಟಿಯ ಸಾಲವೂ ಮಂಜೂರಾಗಿದೆ. ಮನೆಯ ಒಡತಿ ನಿವೃತ್ತ ನರ್ಸಮ್ಮ, ಈಗ ತಂಗಿಯ ಜೊತೆ ಇದ್ದಾರೆ. ಅವರು ಕಿಟಕಿಯಕ್ಕನಿಗೆ ಹೇಳಿದ್ದು ಇಷ್ಟು: "ನಿನಗೆ ಕೊಡೋಕೆ ನನಗೂ ಆಸೆ ಕಣೆ. ಆದ್ರೆ ನಿನಗಿಂತ ಮೊದಲು ಒಬ್ಬರು ಕೇಳಿದಾರೆ. ಬಂದು ನೋಡಲಿ. ಅವರು ಬೇಡ ಅಂದ್ರೆ ಮನೆ ನಿಂದೇ."

ಆ ಮೊದಲು ಕೇಳಿದವರು ಬರುವುದು ಇಂದೇ.

ಬ್ರೋಕರ್ ನಿನ್ನೆಯೇ ಹೇಳಿದ್ದರಂತೆ: "ನಾಳೆ ರಜ ತಗೋ ತಂಗಿ, ನಾನೇ ಕಿಟಕಿ ತೆಗೀತೀನಿ."

"ನೀವಾ? ಅಡುಗೆಮನೆ ಕಿಟಕಿ ನಿಮ್ಮ ಕೈಗೇ ಬಂದ್ಬಿಡುತ್ತೆ."

"ಹಾಗಾದ್ರೆ ಒಂದಿನ ಮುಚ್ಚೇ ಇರಲಿ ಬಿಡು. ಯಾರು ನೋಡ್ತಾರೆ?"

"ಮನೆ ನೋಡುತ್ತಲ್ಲಣ್ಣ."

ಹಾಗಾಗಿ ಎಲ್ಲವೂ ಎಂದಿನಂತೆಯೇ ನಡೆಯುತ್ತದೆ. ಒರೆಸಿದ ನೆಲದ ಮೇಲೆ ಬೆಳಗಿನ ಬೆಳಕು ಬಂದು ಬಿದ್ದಾಗ ಕಿಟಕಿಯಕ್ಕ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಬಾಗಿಲಿಗೆ ಒರಗಿ ನಿಲ್ಲುತ್ತಾರೆ.

ಬಂದ ದಂಪತಿಗಳು ಒಳ್ಳೆಯವರು, ಅದೇ ಕಷ್ಟ. ಗಂಡನ ಕೈಯಲ್ಲಿ ಗಂಟು ಹಾಕಿದ ಹಗ್ಗ. ಹೆಂಡತಿಗೆ ಅವರ ತಾಯಿ ಕೊಟ್ಟ ದೊಡ್ಡ ಬೀರು ಒಂದಿದೆ. ಅದರ ಎತ್ತರಕ್ಕೊಂದು, ಅಗಲಕ್ಕೊಂದು ಗಂಟು. ಬೀರು ಹಿಡಿಸದ ಮನೆಗೆ ಆಕೆ ಕಾಲಿಡುವುದಿಲ್ಲವಂತೆ. "ಮದುವೆಯಾಗುವಾಗ ನನ್ನನ್ನ ಇಷ್ಟು ಅಳೆದಿರಲಿಲ್ಲ," ಎಂದು ಗಂಡ ಗೊಣಗುತ್ತಾರೆ.

ಹಗ್ಗ ಮುಂಬಾಗಿಲು ದಾಟುತ್ತದೆ. ನಡುವಿನ ಇಕ್ಕಟ್ಟು ದಾರಿಯಲ್ಲಿ ತಿರುಗಿಸುವಾಗ ಸಿಕ್ಕಿಕೊಳ್ಳುತ್ತದೆ. ಹೀಗೆ ಹಾಗೆ, ಓರೆ, ಅಡ್ಡ, ಏನು ಮಾಡಿದರೂ ಬೀರು ಕೋಣೆಗೆ ಹೋಗುವುದಿಲ್ಲ. ಹೆಂಡತಿಯ ಮುಖ ಬಾಡುತ್ತದೆ. ಬ್ರೋಕರ್ ಕಣ್ಣಲ್ಲೇ ಕಿಟಕಿಯಕ್ಕನಿಗೆ ಸನ್ನೆ ಮಾಡುತ್ತಾರೆ: ಸುಮ್ಮನಿರು.

ಕಿಟಕಿಯಕ್ಕ ಹೆಂಡತಿಯ ಮುಖವನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡುತ್ತಾರೆ. ಆಮೇಲೆ ಹೇಳುತ್ತಾರೆ: "ಕೋಣೆಯ ಹಿಂದಿನ ಕಿಟಕಿ ಚೌಕಟ್ಟು ಸ್ಕ್ರೂ ಹಾಕಿ ಕೂರಿಸಿರೋದು. ಬಿಚ್ಚಿದ್ರೆ ಹಿತ್ತಲಿಂದ ಬೀರು ಒಳಗೆ ಬರುತ್ತೆ. ನಮ್ಮೆಜಮಾನ್ರು ಎಷ್ಟೋ ಮನೇಲಿ ಹಾಗೇ ಇಳಿಸಿದಾರೆ."

ಅಳೆದು ನೋಡುತ್ತಾರೆ. ಹಿಡಿಸುತ್ತದೆ. ಬ್ರೋಕರ್ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹೆಂಡತಿ ಅರಳಿದ ಮುಖದಿಂದ ಕಿಟಕಿಯಕ್ಕನ ಕೈ ಹಿಡಿದುಕೊಂಡು ಕೇಳುತ್ತಾರೆ: "ನೀವೇ ಹೇಳಿ ಅಕ್ಕ, ಈ ಕೋಣೇಲಿ ಎಲ್ಲೆಲ್ಲಿ ಏನಿಟ್ರೆ ಚೆಂದ?"

ಮನೆ ನೋಡಲು ಬಂದವರು ಯಾವಾಗಲೂ ಕೇಳುವ ಪ್ರಶ್ನೆ ಇದು. ಕಿಟಕಿಯಕ್ಕ ಯಾವಾಗಲೂ ಥಟ್ಟನೆ ಉತ್ತರಿಸುತ್ತಾರೆ. ಇಂದೂ ಹಾಗೆಯೇ ಶುರುಮಾಡುತ್ತಾರೆ: "ಮಂಚ ಈ ಗೋಡೆಗೆ. ಬಟ್ಟೆ ಪೆಟ್ಟಿಗೆ ಅದರ ಕೆಳಗೆ. ಕಿಟಕಿ ಎಡಕ್ಕೆ ಮಗಳ ಮೇಜು. ಅವಳು ಬರೆಯೋದು ಎಡಗೈಲಿ ನೋಡಿ, ಬೆಳಕು ಬಲಗಡೆಯಿಂದ ಬರಬೇಕು. ಇಲ್ಲಾಂದ್ರೆ ಕೈ ನೆರಳು ಅಕ್ಷರದ ಮೇಲೆ ಬಿದ್ದು..."

ಮೇಜಿನ ಜಾಗ ತೋರಿಸಲು ಚಾಚಿದ್ದ ಕೈಯನ್ನು ಥಟ್ಟನೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

"ನಮಗಿರೋದು ಇಬ್ಬರು ಗಂಡುಮಕ್ಕಳು," ಎನ್ನುತ್ತಾರೆ ಹೆಂಡತಿ ನಿಧಾನಕ್ಕೆ. "ಇಬ್ರೂ ಬರೆಯೋದು ಬಲಗೈಲಿ. ಬರೆದ್ರೆ."

ಕಿಟಕಿಯಕ್ಕ ಕೆಂಪಾಗಿ, ಬೀಗದ ಕೈ ಗೊಂಚಲನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ. ಆದರೆ ಈ ಮನೆಯ ಬೀಗದ ಕೈಗೆ ಕಟ್ಟಿದ ಹಳದಿ ಹೂವಿನ ಫ್ರಾಕಿನ ಚೂರನ್ನು ಹೆಂಡತಿ ಆಗಲೇ ನೋಡಿಯಾಗಿದೆ. "ಈ ಮನೇಲಿ ನೀವು ಮನಸ್ಸಲ್ಲೇ ಸಂಸಾರ ಹೂಡಿ ಎಷ್ಟು ದಿನ ಆಯ್ತಕ್ಕ?" ಎಂದು ಕೇಳುತ್ತಾರೆ. ಕಿಟಕಿಯಕ್ಕ ಬಾಯಿ ತೆರೆಯುವ ಮೊದಲೇ ಬ್ರೋಕರ್ ಎಲ್ಲ ಹೇಳಿಬಿಡುತ್ತಾರೆ.

ಗಂಡ ಹೆಂಡತಿ ಮೂಲೆಗೆ ಹೋಗಿ ಪಿಸುಗುಟ್ಟುತ್ತಾರೆ. ಹಗ್ಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಮರಳಿ ಬಂದಾಗ ಹೆಂಡತಿಯ ಮುಖದಲ್ಲಿ ಬಿಗುಮಾನ. "ನಮ್ಮಮ್ಮನ ಬೀರು ಕಳ್ಳನ ಹಾಗೆ ಕಿಟಕಿಯಿಂದ ಒಳಗೆ ಬರೋದಾ? ಆಗಲ್ಲ. ಮೊನ್ನೆ ನೋಡಿದ ಹಸಿರು ಗೇಟಿನ ಮನೇಲಿ ಮುಂಬಾಗಿಲಿಂದಲೇ ಹೋಗುತ್ತೆ. ನಮಗೆ ಅದೇ ಸಾಕು."

"ಅಲ್ಲೂ ಕಿಟಕಿ ತೆಗೆದಿಟ್ಟಿದ್ದೋರು ನೀವೇ ತಾನೇ?" ಎನ್ನುತ್ತಾರೆ ಗಂಡ, ಹಗ್ಗ ಸುತ್ತುತ್ತ.

ಅವರು ಗೇಟು ದಾಟುತ್ತಲೇ ಬ್ರೋಕರ್ ನರ್ಸಮ್ಮನಿಗೆ ಫೋನು ಮಾಡುತ್ತಾರೆ. ಆ ಕಡೆಯಿಂದ ಬಂದ ಜೋರು ನಗು ಕೋಣೆಗೆಲ್ಲ ಕೇಳಿಸುತ್ತದೆ. ಫೋನಿಟ್ಟವರೇ ಕಿಟಕಿಯಕ್ಕನ ಕೈಯಿಂದ ಗೊಂಚಲು ಕಿತ್ತುಕೊಂಡು, ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. "ಗಿರಾಕಿ ಗಿರಾಕಿ ಥರ ಬರಬೇಕು. ಬಾಗಿಲು ತಟ್ಟಿ ಮೇಡಂ."

ಇಷ್ಟು ವರ್ಷಗಳಲ್ಲಿ ಬೀಗ ತೆಗೆದು ಒಳಹೊಕ್ಕ ಮನೆಗಳೆಷ್ಟೋ, ಬಾಗಿಲು ತಟ್ಟಿದ್ದು ಇದೇ ಮೊದಲು. ಬೀದಿಯ ತಿರುವಿನಲ್ಲಿ ವ್ಯಾನಿನೊಳಗೆ ಕಾದು ಕೂತಿದ್ದ ಗಂಡನೂ ಮಗಳೂ ಓಡಿಬರುತ್ತಾರೆ. ಮೂವರೂ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ತಟ್ಟುತ್ತಾರೆ.

ಬ್ರೋಕರ್ ಬಾಗಿಲು ತೆರೆದು ಬಾಗಿ ಸ್ವಾಗತಿಸುತ್ತಾರೆ. ಮನೆ ತೋರಿಸುವುದು ಮಾತ್ರ ಅಷ್ಟಕ್ಕಷ್ಟೆ. ಬಚ್ಚಲನ್ನು ಉಗ್ರಾಣ ಎನ್ನುತ್ತಾರೆ, ಫ್ಯಾನಿನ ಸ್ವಿಚ್ಚು ಹುಡುಕುತ್ತ ಮೂರು ದೀಪ ಹಚ್ಚುತ್ತಾರೆ.

"ನೀರು ಚೆನ್ನಾಗಿ ಬರುತ್ತಾ?" ಎಂದು ಕೇಳುತ್ತಾರೆ ಕಿಟಕಿಯಕ್ಕ, ಪಕ್ಕಾ ಗಿರಾಕಿಯ ಗತ್ತಿನಲ್ಲಿ.

"ಬೆಳಿಗ್ಗೆ ಒಬ್ಬರು ಬಿಟ್ಟು ನೋಡಿದಾರೆ ಮೇಡಂ. ಬಹಳ ನಂಬಿಕಸ್ಥರು."

"ಅಂಥವರಿಗೆ ಸಂಬಳ ಜಾಸ್ತಿ ಮಾಡಿ ಸ್ವಾಮಿ."

"ಈ ಗಿರಾಕಿ ಭಾರಿ ಗಟ್ಟಿ!" ಎಂದು ಬ್ರೋಕರ್ ಕೈ ಮುಗಿಯುತ್ತಾರೆ. ಗಂಡ ಗೋಡೆ ಹಿಡಿದುಕೊಂಡು ನಗುತ್ತಾರೆ.

ಮಗಳು ಯಾರಿಗೂ ಕಾಯದೆ ಕೋಣೆಗೆ ಹೋಗಿ ಕಿಟಕಿಯ ಎಡಕ್ಕೆ ನೆಲದ ಮೇಲೆ ಕೂರುತ್ತಾಳೆ. ಇಲ್ಲದ ಮೇಜಿನ ಮೇಲೆ ಎಡಗೈ ಚಾಚಿ, ನೆರಳು ಯಾವ ಕಡೆ ಬೀಳುತ್ತದೆಂದು ನೋಡುತ್ತಾಳೆ. "ಅಮ್ಮಾ, ಸರಿ ಇದೆ," ಎಂದು ಕೂಗುತ್ತಾಳೆ.

ಕಿಟಕಿಯಕ್ಕ ಗೊಂಚಲನ್ನು ಬ್ರೋಕರ್ ಕೈಯಿಂದ ವಾಪಸ್ ತೆಗೆದುಕೊಂಡು, ಹಳದಿ ಹೂವಿನದೊಂದನ್ನು ಮಾತ್ರ ಬಿಡಿಸಿಕೊಳ್ಳುತ್ತಾರೆ. ಉಳಿದವು ಗೊಂಚಲಲ್ಲೇ ಇರಲಿ, ನಾಳೆಗೂ ಮನೆಗಳಿವೆ. ಸ್ವಂತ ಮನೆಯಲ್ಲಿ ಮೊಟ್ಟಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ ಯೋಚಿಸುವುದೇ ಇಲ್ಲ.

"ಒಂದಿನ ಎಲ್ಲಾ ಕಿಟಕಿ ಮುಚ್ಕೊಂಡು, ಹೊಟ್ಟೆ ತುಂಬ ನಿದ್ದೆ ಮಾಡ್ತೀನಿ. ಬೇಕಾದ್ರೆ ಮನೆನೇ ನನ್ನನ್ನ ಎಬ್ಬಿಸಲಿ."