ಕೈ ಮೇಲೆ ಕೂತ ಮೇಷ್ಟ್ರು

ಯಾರ ಮನೆಗೆ ಹೋದರೂ ನಮ್ಮ ಮೇಷ್ಟ್ರು ಎರಡೂ ಅಂಗೈಯನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂರುತ್ತಿದ್ದರು. ಅಷ್ಟು ದಪ್ಪ ಆಳು ಹಾಗೆ ಕೂತರೆ, ಪಾಠ ಓದದೆ ಬಂದ ಹುಡುಗನಂತೆ ಕಾಣುತ್ತಿದ್ದರು. ತುಮಕೂರಿನಲ್ಲಿ ನಮಗೆ ಸಮಾಜಕಾರ್ಯ ಕಲಿಸಿದವರು ಅವರು. ಯಾಕೆ ಹೀಗೆ ಕೂರ್ತೀರ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಈ ಕೈಗಳಿಗೆ ಒಳ್ಳೇದು ಮಾಡೋ ಚಟ ಕಣಮ್ಮ. ಬಿಟ್ರೆ ಆ ಮನೆಯವರ ಬದುಕನ್ನೂ ನಾನೇ ಮಾಡ್ಕೊಟ್ಟುಬಿಡ್ತೀನಿ," ಎಂದರು.

ಪುಸ್ತಕದಲ್ಲಿ ಇದಕ್ಕೆ ಸ್ವನಿರ್ಧಾರ ಅನ್ನೋ ದೊಡ್ಡ ಹೆಸರಿತ್ತು. ಯಾರ ಬದುಕೋ ಅವರದೇ ತೀರ್ಮಾನ, ಅಷ್ಟೇ.

ಗುಬ್ಬಿ ಪಕ್ಕದ ಹಳ್ಳಿಯ ಒಂದು ಮನೆಗೆ ಅವರೊಟ್ಟಿಗೆ ಹೋಗಿದ್ದೆ. ಆ ಮನೆಯ ಗಂಡಸು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಮಷೀನಿಗೆ ಬಲಗೈ ಕೊಟ್ಟು ಬಂದಿದ್ದ. ಗೋಡೆಗೆ ಮುಖ ಮಾಡಿ ಕೂತಿದ್ದ. ಮಾತಾಡಿದವಳು ಹೆಂಡತಿ.

"ಗಾರ್ಮೆಂಟ್ಸಲ್ಲಿ ಸೋಮವಾರ ಬಾ ಅಂದವ್ರೆ ಸಾ. ಅತ್ತೆ ಕೂಲಿಗೆ ಹೋಯ್ತಾರೆ. ನಾನೂ ಹೋದ್ರೆ ಮಧ್ಯಾಹ್ನ ಇವ್ರಿಗೆ ತಿನ್ಸೋರ್ ಯಾರು?"

"ಎಡಗೈ ಇದೆಯಲ್ಲ," ಎಂದು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ, ನನ್ನ ಮನಸ್ಸು ಓದಿದವರಂತೆ ಅವನ ತಾಯಿ, "ಎಡಗೈಲಿ ಉಣ್ಣೋಕೆ ನಾವೇನು ಆಚಾರ ಇಲ್ದೋರಾ? ಕೆಲ್ಸ ಹೋದ್ರೆ ಹೋಯ್ತು ಬುಡಿ," ಅಂದುಬಿಟ್ಟರು.

ಮೇಷ್ಟ್ರು ಉಪದೇಶ ಮಾಡಲಿಲ್ಲ. "ಅವ್ವಾ, ಹೊಟ್ಟೆ ಹಸೀತೈತೆ. ಮುದ್ದೆ ಐತಾ?" ಎಂದರು.

ಎರಡು ತಟ್ಟೆ ಬಂದವು. ಮೇಷ್ಟ್ರು ಬಲಗೈಯನ್ನು ತೊಡೆಯಡಿಯಿಂದ ತೆಗೆಯಲೇ ಇಲ್ಲ. ಎಡಗೈಯಲ್ಲಿ ಮುದ್ದೆ ಮುರಿಯಹೋಗಿ, ತುತ್ತು ಜಾರಿ ಬಸ್ಸಾರಿಗೆ ಬಿದ್ದು, ಸಾರು ಅಂಗಿಗೆ ಹಾರಿತು. ಇನ್ನೊಂದು ತುತ್ತಿನದೂ ಅದೇ ಗತಿ. ಗೋಡೆ ನೋಡುತ್ತಿದ್ದವನು ಇತ್ತ ತಿರುಗಿದ್ದ.

"ಸಾ, ಅಷ್ಟ್ ದೊಡ್ಡದು ಮುರೀಬೇಡಿ. ಸಾರಲ್ಲಿ ಹೊರಳ್ಸಿ ಎತ್ತಿ."

"ಹೇಳೋದು ಸುಲಭ ಕಣಯ್ಯ. ಮಾಡಿ ತೋರ್ಸು."

ಅವನು ತಾಯಿಯ ಮುಖ ನೋಡಿದ. ಆಕೆ ಮೇಷ್ಟ್ರ ಅಂಗಿಯನ್ನೇ ನೋಡುತ್ತಿದ್ದರು. "ತೋರ್ಸ್ಲಾ ಅತ್ಲಾಗೆ. ಮೈಯೆಲ್ಲಾ ಸಾರು ಮಾಡ್ಕತಾವ್ರೆ," ಎಂದರು.

ಅವನು ಎಡಗೈ ತೊಳೆದು ಬಂದು ಕೂತ. ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದಳು. ಸೋಮವಾರ ಕೆಲಸಕ್ಕೂ ಹೋದಳು.

ವಾಪಸ್ ಬರುವಾಗ ಬಸ್ಸಿನಲ್ಲಿ, "ರಿಪೋರ್ಟಲ್ಲಿ ಏನಂತ ಬರೀಲಿ ಸಾರ್?" ಎಂದೆ.

"ಬಸ್ಸಾರು ಚೆನ್ನಾಗಿತ್ತು ಅಂತ ಬರಿ."

ಈಗ ನಾನೂ ಕುಣಿಗಲ್ಲಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಹೋದ ವರ್ಷ ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ, ನಾಲ್ಕು ದಿನ ಇದ್ದು ನೋಡಿಕೊಳ್ಳೋಣವೆಂದು ಬಟ್ಟೆ ಚೀಲ ಹಿಡಿದೇ ತುಮಕೂರಿನ ಸದಾಶಿವನಗರದ ಅವರ ಮನೆಗೆ ಹೋದೆ. ಜೀವ ಹಿಡಿಯಷ್ಟಾಗಿತ್ತು. ದಿಂಬು ಸರಿಮಾಡಲು ಬಗ್ಗಿದವಳು ಕೈ ತಡೆದು, "ಸಾರ್, ನಿಮಗೇನು ಬೇಕು?" ಎಂದೆ.

ಅವರು ಯೋಚಿಸಿದರು. "ನೀನು ಊರಿಗೆ ಹೋಗ್ಬೇಕು ಕಣಮ್ಮ. ಹಿಂಗೆ ಮುಖ ನೋಡ್ತಾ ಕೂತ್ರೆ ನಂಗೆ ನಿದ್ದೆ ಬರಲ್ಲ."

ಮತ್ತೆ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಾಗಿಲು ಮೆಲ್ಲಗೆ ಮುಂದಕ್ಕೆಳೆದು, ಕುಣಿಗಲ್ ಬಸ್ಸು ಹತ್ತಿದೆ.