ಸೋದರತ್ತೆಯ ಅಳತೆ ಪುಸ್ತಕ

ಬೆಳಗ್ಗೆ ಮೊಬೈಲಿನಲ್ಲಿ ಹಳೆಯ ಕಪ್ಪು-ಬಿಳುಪು ಸರ್ಕಸ್ ಸಿನಿಮಾದ ತುಣುಕೊಂದು ಬಂತು. ಕುಳ್ಳ ಜೋಕರ್, ಗಡ್ಡದ ಹೆಂಗಸು. ಯಾರಿಗೆ ಯಾವ ಕಾಯಿಲೆ ಎಂದು ಕೆಳಗೆ ಯಾರೋ ಪಟ್ಟಿ ಮಾಡಿದ್ದರು. ಓದಿ ಮೈ ಉರಿಯಿತು.

ಹುಲ್ಲಹಳ್ಳಿಯ ನಮ್ಮ ನಡುಮನೆಯ ಹೊಲಿಗೆ ಮಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿದಂತಾಯಿತು. ಭಾನುವಾರ ಸಂಜೆ ಟಿವಿ ನೋಡಲು ಬೀದಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದರು. ಮೂರೂವರೆ ಅಡಿ ಎತ್ತರದ ನನ್ನ ಸೋದರತ್ತೆ ಮೂಲೆಯಲ್ಲಿ ಅವರದೇ ರವಿಕೆಗಳನ್ನು ಹೊಲಿಯುತ್ತಿದ್ದರು. ಕಾಲಿಗೆ ಎಟುಕಲೆಂದು ಪೆಡಲ್ಲಿಗೆ ಮರದ ತುಂಡು ಕಟ್ಟಿಕೊಂಡಿದ್ದರು.

ಒಂದು ಭಾನುವಾರ ಇಂಥದೇ ಸಿನಿಮಾ. ಕುಳ್ಳ ಜಾರಿ ಬಿದ್ದಾಗ ಎಲ್ಲರೂ ನಕ್ಕು ಅತ್ತೆಯತ್ತ ತಿರುಗಿದರು. "ನೋಡಮ್ಮಿ, ನಿನ್ನಂಗೇ ಅವ್ನೆ" ಎಂದಳು ಪಕ್ಕದ ಮನೆಯಾಕೆ.

ಮಷಿನ್ ನಿಂತಿತು. ಅತ್ತೆ ಅಳತೆ ಬರೆದಿಡುವ ಪುಸ್ತಕವನ್ನು ಎತ್ತಿ ಹಿಡಿದರು.

"ಈ ಬೀದೀಲಿ ಎರಡು ಭುಜಾನೂ ಸಮ ಇರೋಳು ಒಬ್ಳೂ ಇಲ್ಲ ಕಣ್ರೇ. ನಾನೇ ರವಿಕೇಲಿ ಮರೆಮಾಡಿ ಕೊಟ್ಟಿವ್ನಿ. ಯಾರ್ದು ಎಷ್ಟು ಸೊಟ್ಟ ಅಂತ ಓದ್ಲಾ?"

ಪಕ್ಕದ ಮನೆಯಾಕೆ ಮೆಲ್ಲಗೆ ಭುಜದ ಮೇಲೆ ಸೆರಗು ಎಳೆದುಕೊಂಡಳು. ಮಷಿನ್ ಮತ್ತೆ ಶುರುವಾಯಿತು.

ಮೊಬೈಲಿನ ಆ ಪಟ್ಟಿಯ ಕೆಳಗೆ ಈಗಷ್ಟೇ ನಾನೂ ಬರೆದು ಬಂದೆ: ನನ್ನ ಎಡಭುಜ ಬಲಕ್ಕಿಂತ ಅರ್ಧ ಇಂಚು ತಗ್ಗು. ಇದಕ್ಕೂ ಒಂದು ಕಾಯಿಲೆ ಹುಡುಕಿ ಕೊಡಿ.